ಸಿಹಿನೀರಿನ ಅಳಿವೆಯಲ್ಲಿ

ನಮ್ಮ ಮನೆ ಸುರತ್ಕಲ್‌ನಲ್ಲಿ, ದೀಪಸ್ತಂಭದಿಂದ ಹತ್ತು ನಿಮಿಷದ ದಾರಿ. ರಾತ್ರಿ ಊಟ ಮುಗಿಸಿ ಟೆರೇಸಿಗೆ ಹೋದರೆ ಪಡುವಣ ಕಡಲಿನ ಮೇಲೆ ದೀಪಗಳು ಕಾಣುತ್ತವೆ. ಪಣಂಬೂರು ಬಂದರಿನೊಳಗೆ ಬರಲು ಸರದಿ ಕಾಯುತ್ತ ಲಂಗರು ಹಾಕಿ ನಿಂತ ಹಡಗುಗಳ ದೀಪ. ಕೆಲವು ದಿನ ಮೂರು, ಕೆಲವು ದಿನ ಏಳೆಂಟು. ಮದುವೆಯಾಗಿ ಆ ಮನೆಗೆ ಬಂದಲ್ಲಿಂದ ನಾನು ಅವನ್ನು ನೋಡುತ್ತಿದ್ದೇನೆ. ಆದರೆ ಅವುಗಳಲ್ಲಿ ಒಂದರ ಹೆಸರೂ ನನಗೆ ಗೊತ್ತಿರಲಿಲ್ಲ. ತಿಳಿಯಬೇಕು ಅಂತ ತೋಚಿರಲೂ ಇಲ್ಲ. ಬಂದರಿಗೆ ಎತ್ತರದ ಕಾಂಪೌಂಡು, ಒಳಗೆ ಹೋಗಲು ಪಾಸು. ಹಡಗು ಅಂದರೆ ನಮಗೆ ದೂರದ ದೀಪ, ಬೆಳಗಾದರೆ ದಿಗಂತದಲ್ಲೊಂದು ಬೂದು ಗೆರೆ, ಅಷ್ಟೆ.

ಹಡಗು ನೋಡುವುದನ್ನೇ ಹವ್ಯಾಸ ಮಾಡಿಕೊಂಡವರು ಇದ್ದಾರೆ, ಬರುವ ಹೋಗುವ ಒಂದೊಂದು ಹಡಗನ್ನೂ ಹೆಸರು ಹಿಡಿದು ಗುರುತಿಸುವವರು ಇದ್ದಾರೆ ಅಂತ ನನಗೆ ತಿಳಿದದ್ದು ಕಡಲಿನಿಂದ ಬಹಳ ದೂರದ ಒಂದು ಊರಿನಲ್ಲಿ. ಅಮೆರಿಕದ ಮಿನೆಸೋಟ ರಾಜ್ಯದ ಡುಲೂತ್. ಸುಪೀರಿಯರ್ ಸರೋವರದ ಪಶ್ಚಿಮ ತುದಿಯಲ್ಲಿರುವ ಬಂದರು ಅದು. ಅಲ್ಲಿಂದ ಅಟ್ಲಾಂಟಿಕ್ ಸಾಗರ ಮುಟ್ಟಬೇಕಾದರೆ ಹಡಗು ಸುಮಾರು 3,700 ಕಿಲೋಮೀಟರ್ ಕ್ರಮಿಸಬೇಕು.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು ನಾನು. ಪಂಚ ಮಹಾಸರೋವರಗಳನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಸುಪೀರಿಯರ್, ಮಿಷಿಗನ್, ಹ್ಯೂರನ್, ಈರಿ, ಒಂಟಾರಿಯೊ. ಮಕ್ಕಳಿಂದ ಬಾಯಿಪಾಠ ಹೇಳಿಸಿ, ನಕ್ಷೆ ತುಂಬಿಸಿ, ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಸುಪೀರಿಯರ್ ಒಂದರದೇ ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕವನ್ನು ಹತ್ತು ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು. ಈ ಅಂಕಿ ನನಗೆ ಗೊತ್ತಿತ್ತು. ಅದರ ದಡದಲ್ಲಿ ನಿಂತಾಗ ಮಾತ್ರ ಗೊತ್ತಿದ್ದದ್ದು ಏನೂ ಸಾಲಲಿಲ್ಲ. ಆಚೆ ದಡ ಕಾಣುವುದಿಲ್ಲ. ತೆರೆ ಬಂದು ಕಲ್ಲಿಗೆ ಹೊಡೆಯುತ್ತದೆ. ಕಡಲೇ ಸರಿ ಅಂತ ಬಗ್ಗಿ ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರೆ ಸಿಹಿನೀರು, ಹಲ್ಲು ಜುಂ ಅನ್ನುವಷ್ಟು ತಣ್ಣಗೆ. ಕರಾವಳಿಯಲ್ಲಿ ಹುಟ್ಟಿ ಬೆಳೆದ ನಾಲಗೆಗೆ ಅದನ್ನು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಮಗಳು ಅಳಿಯ ಇರುವುದು ಮಿನಿಯಾಪೊಲಿಸ್‌ನಲ್ಲಿ. ಅಲ್ಲಿಂದ ಡುಲೂತ್‌ಗೆ ಕಾರಿನಲ್ಲಿ ಎರಡೂವರೆ ಗಂಟೆ. ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಹೋದವಳು ನವೆಂಬರ್ ಕೊನೆಯವರೆಗೆ ಅಲ್ಲಿದ್ದೆ. ಒಂಬತ್ತು ವರ್ಷದ ಮೊಮ್ಮಗನಿಗೆ ಹಡಗಿನ ಹುಚ್ಚು. ಮೊದಲ ಸಲ ಹೋದಾಗ ನಾವು ದಾರಿಯಲ್ಲಿ ಊಟಕ್ಕೆ ನಿಲ್ಲಿಸಿ ತಡಮಾಡಿಕೊಂಡೆವು. ಹೋಗಿ ಇಳಿಯುವಾಗ ಹಡಗಿಗೆಂದು ಮೇಲೆದ್ದ ಸೇತುವೆ ಕೆಳಗೆ ಬರುತ್ತಿತ್ತು, ಹಡಗು ಒಳಗೆ ದಾಟಿ ಆಗಿತ್ತು. ಹುಡುಗ ಅತ್ತ ಅಳು ಈಗಲೂ ಕಿವಿಯಲ್ಲಿದೆ. ಆಮೇಲೆ ಆರು ತಿಂಗಳಲ್ಲಿ ಹನ್ನೊಂದು ಸಲ ಹೋದೆವು. ಬುತ್ತಿ ಕಟ್ಟಿಕೊಂಡೇ ಹೋದೆವು.

ಆ ಜಾಗದ ಚಿತ್ರ ನಿಮಗೆ ಕೊಡಬೇಕು. ಮಂಗಳೂರಿನವರಿಗೆ ಅದು ಕಷ್ಟವಲ್ಲ. ಬೆಂಗ್ರೆಯನ್ನು ನೆನಪು ಮಾಡಿಕೊಳ್ಳಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಉದ್ದಕ್ಕೆ ಮಲಗಿದ ಮರಳ ನಾಲಗೆ. ಡುಲೂತ್‌ನಲ್ಲೂ ಹಾಗೆಯೇ. ಸೇಂಟ್ ಲೂಯಿ ನದಿ ಸರೋವರಕ್ಕೆ ಸೇರುವಲ್ಲಿ ಹನ್ನೊಂದು ಕಿಲೋಮೀಟರ್ ಉದ್ದದ ಮರಳ ದಿಣ್ಣೆ, ಅದರ ಒಳಮಗ್ಗುಲಲ್ಲಿ ಶಾಂತವಾದ ಬಂದರು. ಮೊದಲು ಅಳಿವೆ ಇದ್ದದ್ದು ದಿಣ್ಣೆಯ ಆಚೆ ತುದಿಯಲ್ಲಿ, ಸುಪೀರಿಯರ್ ಅಂತಲೇ ಹೆಸರಿರುವ ಪಕ್ಕದ ಊರಿನ ಬಳಿ. 1870-71ರಲ್ಲಿ ಡುಲೂತ್‌ನವರು ತಮ್ಮ ಊರಿನ ಹತ್ತಿರವೇ ದಿಣ್ಣೆಯನ್ನು ಕಡಿದು ಹೊಸ ಬಾಯಿ ಮಾಡಿಕೊಂಡರು. ಪಕ್ಕದ ಊರಿನವರು ಕೋರ್ಟಿನಿಂದ ತಡೆ ತರುವ ಮೊದಲೇ ಮುಗಿಸಬೇಕು ಅಂತ ಗಂಡಸರು ಹೆಂಗಸರೆಲ್ಲ ಹಾರೆ ಸಲಿಕೆ ಹಿಡಿದು ರಾತ್ರಿ ಬೆಳಗೂ ಅಗೆದರು ಅನ್ನುವುದು ಊರಿನವರು ಹೇಳುವ ಕತೆ. ಅಗೆದದ್ದು ಉಗಿಯಂತ್ರ, ಕತೆಗೆ ಆಮೇಲೆ ಬಣ್ಣ ಬಂದಿರಬಹುದು. ಮಳೆಗಾಲದಲ್ಲಿ ಅಳಿವೆ ಕಡಿಯುವುದನ್ನು ಕಂಡ ನಮಗೆ ಅದು ತೀರಾ ಅಪರಿಚಿತವಾದ ಕತೆಯೇನೂ ಅಲ್ಲ.

ಆ ಕಡಿದ ಕಾಲುವೆಯ ಎರಡೂ ಬದಿಗೆ ಈಗ ಕಾಂಕ್ರೀಟು ಕಟ್ಟೆ. ಅಗಲ 300 ಅಡಿ. ಅದರ ಮೇಲೊಂದು ಉಕ್ಕಿನ ಸೇತುವೆ. ಹಡಗು ಬಂದಾಗ ಸೇತುವೆಯ ನಡುಭಾಗ ಪೂರ್ತಿ, ರಸ್ತೆಯ ಸಮೇತ, ಲಿಫ್ಟಿನ ಹಾಗೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. 1905ರಲ್ಲಿ ಕಟ್ಟಿದಾಗ ಅದರಡಿ ನೇತಾಡುವ ತೊಟ್ಟಿಲಿನಲ್ಲಿ ಜನರನ್ನೂ ಗಾಡಿಗಳನ್ನೂ ದಾಟಿಸುತ್ತಿದ್ದರಂತೆ; 1930ರ ಹೊತ್ತಿಗೆ ಈಗಿನ ರೂಪ ಬಂತು. ಎರಡು ಕಡೆಯ ಗೋಪುರಗಳಲ್ಲಿ ತಲಾ 450 ಟನ್ನಿನ ಕಾಂಕ್ರೀಟು ತೂಕ ಇಳಿಯುತ್ತಿದ್ದಂತೆ ಸೇತುವೆ ಏರುತ್ತದೆ, ಬಾವಿಯ ಏತದ ಲೆಕ್ಕದಲ್ಲಿ. ಮರಳ ದಿಣ್ಣೆಯ ಮೇಲೂ ಮನೆಗಳಿವೆ. ಅಲ್ಲಿನವರು ಕೆಲಸಕ್ಕೆ ಹೋಗುವಾಗ, ಮಕ್ಕಳನ್ನು ಶಾಲೆಗೆ ಬಿಡುವಾಗ ಸೇತುವೆ ಎದ್ದರೆ ಕಾಯಲೇಬೇಕು. ‘ಬ್ರಿಡ್ಜ್ ಆಯಿತು’ ಅಂದರೆ ಸಾಕು, ತಡವಾದದ್ದಕ್ಕೆ ಯಾರೂ ಬೇರೆ ಕಾರಣ ಕೇಳುವುದಿಲ್ಲ.

ಈಗ ಹಡಗು.

ಮೊದಲು ದಿಗಂತದಲ್ಲಿ ಒಂದು ಕಡ್ಡಿ ಕಾಣಿಸುತ್ತದೆ. ಸ್ವಲ್ಪ ಹೊತ್ತಿಗೆ ಅದರ ಕೆಳಗೆ ಬಿಳಿ ಡಬ್ಬಿ, ಆಮೇಲೆ ಮೈ. ಭೂಮಿ ಗುಂಡಗಿದೆ ಅನ್ನುವುದಕ್ಕೆ ಸಾಕ್ಷಿ ಕೊಡುವಾಗ ಹಡಗಿನ ಪಟಸ್ತಂಭ ಮೊದಲು ಕಾಣುತ್ತದೆ, ಬುಡ ಆಮೇಲೆ ಕಾಣುತ್ತದೆ ಅಂತ ವರ್ಷಾವರ್ಷ ಪಾಠ ಮಾಡಿದ್ದೆನಲ್ಲ, ಅದನ್ನು ಇಷ್ಟು ನಿಚ್ಚಳವಾಗಿ ಕಂಡದ್ದು ಅಲ್ಲಿಯೇ. ಕಡ್ಡಿ ಕಂಡಲ್ಲಿಂದ ಹಡಗು ಕಾಲುವೆಯ ಬಾಯಿಗೆ ಬರಲು ಮುಕ್ಕಾಲು ಗಂಟೆ, ಒಂದು ಗಂಟೆ. ಅಷ್ಟು ಹೊತ್ತು ಜನ ಕಟ್ಟೆಯ ಮೇಲೆ ಕಾಯುತ್ತಾರೆ. ಮಡಚುವ ಕುರ್ಚಿ, ಫ್ಲಾಸ್ಕು, ಬೈನಾಕ್ಯುಲರು. ಕೆಲವರ ಕೈಯಲ್ಲಿ ಹಡಗಿನವರ ಮಾತು ಕೇಳಿಸುವ ಪುಟ್ಟ ರೇಡಿಯೊ. ಪಕ್ಕದಲ್ಲೇ ಸೇನೆಯ ಎಂಜಿನಿಯರ್ ಇಲಾಖೆ ನಡೆಸುವ ಹಡಗು ಮ್ಯೂಸಿಯಮ್ಮಿದೆ, ಟಿಕೆಟಿಲ್ಲ. ರೈಲ್ವೆ ಸ್ಟೇಷನ್ನಿನ ಹಾಗೆ ಇವತ್ತು ಯಾವ ಹಡಗು ಎಷ್ಟು ಗಂಟೆಗೆ ಅಂತ ಅಲ್ಲಿ ನೋಡಬಹುದು. ಹಡಗು ಬಾಯಿಗೆ ಬಂದಾಗ ಧ್ವನಿವರ್ಧಕದಲ್ಲಿ ಅದರ ಹೆಸರು, ಉದ್ದ, ಏನು ಹೇರಿದೆ, ಎಲ್ಲಿಗೆ ಹೊರಟಿದೆ ಎಲ್ಲ ಹೇಳುತ್ತಾರೆ.

ನಾವು ಸರಿಯಾಗಿ ನೋಡಿದ ಮೊದಲ ಹಡಗು ಪಾಲ್ ಆರ್. ಟ್ರಿಗರ್ತಾ. ಮಹಾಸರೋವರಗಳಲ್ಲಿ ಅದಕ್ಕಿಂತ ಉದ್ದದ್ದಿಲ್ಲ. 1981ರಲ್ಲಿ ನೀರಿಗಿಳಿದದ್ದು, ಉದ್ದ 1,013 ಅಡಿ ಆರಂಗುಲ. ಸುರತ್ಕಲ್ ಸ್ಟೇಷನ್ನಿನಲ್ಲಿ ನಿಂತ ಮತ್ಸ್ಯಗಂಧ ರೈಲಿನ ಹದಿಮೂರು ಬೋಗಿ ಲೆಕ್ಕ ಹಾಕಿಕೊಳ್ಳಿ, ಅಷ್ಟಾಯಿತು. ಅಗಲ 105 ಅಡಿ. ಅಂಥದ್ದು 300 ಅಡಿಯ ಬಾಯೊಳಗೆ ಬರುತ್ತದೆ. ಕಟ್ಟೆಯ ಮೇಲೆ ನಿಂತವರಿಗೂ ಅದಕ್ಕೂ ನಡುವೆ ಉಳಿಯುವುದು ಸುಮಾರು ನೂರಡಿ. ನಾನು ಗದ್ದಲ ಇರುತ್ತದೆ ಅಂದುಕೊಂಡಿದ್ದೆ. ಗದ್ದಲವಿಲ್ಲ. ಒಂದು ಆಳವಾದ ಗುಡುಗುಡು, ಅದು ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ. ಕಬ್ಬಿಣದ ಗೋಡೆಯೊಂದು ನಿಮ್ಮ ಎದುರಿನಿಂದ ನಿಧಾನವಾಗಿ ಸರಿಯುತ್ತ ಹೋಗುತ್ತದೆ, ಮುಗಿಯುವುದೇ ಇಲ್ಲ. ಬಣ್ಣ ಕಿತ್ತುಹೋದ ಜಾಗ, ಕಾಲುವೆಗಳ ಗೋಡೆಗೆ ಉಜ್ಜಿದ ಗೀರು, ಬೆಸುಗೆಯ ಗೆರೆ ಎಲ್ಲ ಕಾಣುತ್ತದೆ. ಡೆಕ್ಕಿನ ಮೇಲೆ ಒಬ್ಬಾತ ಬಕೆಟ್ಟು ಹಿಡಿದು ನಡೆಯುತ್ತಿದ್ದ. ಮೊಮ್ಮಗ ಕೈಬೀಸಿದ. ಆತ ಬಕೆಟ್ಟು ಕೆಳಗಿಟ್ಟು, ನಿಂತು, ಎರಡೂ ಕೈ ಎತ್ತಿ ಬೀಸಿದ.

ಆಗ ಕೂಗಿತು. ಆ ಸರೋವರಗಳ ಹಡಗಿನವರಿಗೆ ಹಿಂದಿನಿಂದ ಬಂದ ಒಂದು ವಂದನೆ ಇದೆ. ಕೊಂಬಿನ ಮೂರು ದೀರ್ಘ ಕೂಗು, ಎರಡು ಹ್ರಸ್ವ. ನಮ್ಮವರು ಕನ್ನಡ ಮೇಷ್ಟ್ರಾಗಿದ್ದವರು, ಪಕ್ಕದಲ್ಲೇ ನಿಂತಿದ್ದರು. “ಮಗಣದ ಮುಂದೆ ಎರಡು ಲಘು” ಅಂದರು. ಗುರು, ಗುರು, ಗುರು, ಲಘು, ಲಘು. ಹಡಗು ಹಾಗೆ ಕೂಗಿದರೆ ಸೇತುವೆ ಅದೇ ಗಣದಲ್ಲಿ ಉತ್ತರ ಕೊಡುತ್ತದೆ. ಈ ಆಕಾಶವಾಣಿಯ ಕೋಣೆಯಲ್ಲಿ ಕೂತು ಆ ದನಿಯನ್ನು ನಿಮಗೆ ಕೇಳಿಸಲಾರೆ ಅನ್ನುವುದೇ ನನಗೆ ಬೇಸರ. ಎದೆಗೂಡಿನೊಳಗೆ ಚೆಂಡೆ ಇಟ್ಟು ಬಾರಿಸಿದ ಹಾಗೆ ಆಗುತ್ತದೆ.

ಅಲ್ಲಿನವರು ಇಷ್ಟು ದೊಡ್ಡ ಹಡಗನ್ನು ಹಡಗು ಅನ್ನುವುದಿಲ್ಲ. ಬೋಟು ಅನ್ನುತ್ತಾರೆ. ನಮ್ಮ ಮಲ್ಪೆಯಲ್ಲಿ, ಧಕ್ಕೆಯಲ್ಲಿ ಮೀನಿನ ಬೋಟು ಅಂದ ಹಾಗೆ. ಸರೋವರದಲ್ಲೇ ಹುಟ್ಟಿ ಅಲ್ಲೇ ಓಡಾಡುವುದು ‘ಲೇಕರ್’. ಕಡಲಿನಿಂದ ಮೇಲೇರಿ ಬಂದದ್ದು ‘ಸಾಲ್ಟಿ’, ಉಪ್ಪಿನದು. ಮೇಲೇರಿ ಅಂದೆನಲ್ಲ, ಅದು ಬರಿಯ ಮಾತಲ್ಲ. ಸುಪೀರಿಯರ್ ಸರೋವರ ಸಮುದ್ರಮಟ್ಟದಿಂದ 183 ಮೀಟರ್ ಎತ್ತರದಲ್ಲಿದೆ. ಬೆಳಗೊಳದ ಗೊಮ್ಮಟನನ್ನು ಹತ್ತು ಸಲ ಒಂದರ ಮೇಲೊಂದು ನಿಲ್ಲಿಸಿದರೂ ಇನ್ನೂ ಸ್ವಲ್ಪ ಉಳಿಯುತ್ತದೆ. ಸೇಂಟ್ ಲಾರೆನ್ಸ್ ನದಿಯಲ್ಲಿ ಏಳು, ವೆಲ್ಯಾಂಡ್ ಕಾಲುವೆಯಲ್ಲಿ ಎಂಟು, ಸೂ ಊರಿನಲ್ಲಿ ಒಂದು, ಹೀಗೆ 16 ಲಾಕ್‌ಗಳ, ಅಂದರೆ ನೀರು ತುಂಬಿಸಿ ಹಡಗನ್ನು ಮೇಲೆತ್ತುವ ಬಾಗಿಲುಕೋಣೆಗಳ, ಮೆಟ್ಟಿಲು ಹತ್ತಿ ಹಡಗು ಡುಲೂತ್ ಸೇರುತ್ತದೆ. ಈ ದಾರಿ ದೊಡ್ಡ ಹಡಗುಗಳಿಗೆ ತೆರೆದದ್ದು 1959ರಲ್ಲಿ.

ಆದರೆ ವೆಲ್ಯಾಂಡ್‌ನ ಲಾಕ್‌ಗಳಲ್ಲಿ 740 ಅಡಿಗಿಂತ ಉದ್ದದ ಹಡಗು ಹಿಡಿಯುವುದಿಲ್ಲ. ಸಾವಿರ ಅಡಿಯ ಹಡಗುಗಳು ಒಟ್ಟು ಹದಿಮೂರು. ಅವು ಕಡಲನ್ನು ಕಾಣುವ ಹಾಗೇ ಇಲ್ಲ. ಇದನ್ನು ಕೇಳಿದಾಗ ಮೊಮ್ಮಗ ಬಹಳ ಹೊತ್ತು ಮಾತಾಡಲಿಲ್ಲ. ಆ ಹದಿಮೂರರಲ್ಲಿ ಒಂದರ ಕತೆ ಮಾತ್ರ ಬೇರೆ. 1972ರ ಸ್ಟೂವರ್ಟ್ ಜೆ. ಕಾರ್ಟ್, ಸಾವಿರ ಅಡಿಯವುಗಳಲ್ಲಿ ಎಲ್ಲರಿಗಿಂತ ಹಿರಿಯ. ಅದರ ತಲೆಯನ್ನೂ ಬಾಲವನ್ನೂ ದಕ್ಷಿಣದ ಮಿಸಿಸಿಪ್ಪಿ ರಾಜ್ಯದಲ್ಲಿ ಕಟ್ಟಿ, ಎರಡನ್ನೂ ಬೆಸೆದು, ಹೊಟ್ಟೆಯೇ ಇಲ್ಲದ ಮೋಟು ಹಡಗು ಮಾಡಿ ಅಟ್ಲಾಂಟಿಕ್ ಬಳಸಿ ಮೇಲಕ್ಕೆ ತಂದರು. ಈರಿ ಪಟ್ಟಣದಲ್ಲಿ ಅದನ್ನು ಮತ್ತೆ ಎರಡು ತುಂಡು ಮಾಡಿ ನಡುವೆ ಹೊಟ್ಟೆ ಸೇರಿಸಿದರು. ಹಾಗಾಗಿ ಆ ಒಂದು ಹಡಗಿನ ತಲೆಗೂ ಬಾಲಕ್ಕೂ ಉಪ್ಪುನೀರು ಗೊತ್ತು. ಮೊಮ್ಮಗನಿಗೆ ಅದೇ ಅಚ್ಚುಮೆಚ್ಚು.

ಸೂ ಲಾಕ್‌ಗಳನ್ನು ನೋಡಲೆಂದೇ ಜುಲೈಯಲ್ಲಿ ಒಂದು ಸಲ ಹೋದೆವು. ಸುಪೀರಿಯರ್ ಸರೋವರದ ನೀರು ಹ್ಯೂರನ್ ಕಡೆಗೆ ಧುಮುಕುವ ಜಾಗ. 1855ರಿಂದ ಅಲ್ಲಿ ಲಾಕ್ ಇದೆ. ಇಳಿತ ಹೆಚ್ಚಿಲ್ಲ, 21 ಅಡಿ. ನೀರು ತುಂಬಲು ಪಂಪಿಲ್ಲ, ಖಾಲಿ ಮಾಡಲೂ ಪಂಪಿಲ್ಲ. ಮೇಲಿನ ಬಾಗಿಲ ಕಡೆಯ ತೂಬು ತೆರೆದರೆ ಸರೋವರದ ನೀರು ತಾನಾಗಿ ತುಂಬುತ್ತದೆ, ಕೆಳಗಿನ ತೂಬು ತೆರೆದರೆ ತಾನಾಗಿ ಇಳಿಯುತ್ತದೆ. ಅಡಿಕೆ ತೋಟದ ಕೆರೆಗೆ ತೂಬು ಇಟ್ಟವರಿಗೆ ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಸಾವಿರ ಅಡಿಯ ಹಡಗುಗಳು ಹೋಗುವ ಪೋ ಲಾಕ್‌ನ ಅಗಲ 110 ಅಡಿ, ಹಡಗಿನದು 105. ಎರಡು ಬದಿಗೂ ಎರಡೂವರೆ ಅಡಿ ಮಾತ್ರ ಬಿಡುವು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಹತ್ತಿರದ ಮ್ಯಾಕ್‌ಆರ್ಥರ್ ಲಾಕ್‌ನಲ್ಲಿ ನಿಂತ ಒಂದು ಚಿಕ್ಕ ಹಡಗು. ಡೆಕ್ಕಿನ ಮೇಲೆ ಕಿತ್ತಳೆ ಜಾಕೆಟ್ಟಿನ ಹುಡುಗನೊಬ್ಬ ಬೇಲಿಯಾಚೆಯ ತಾಯಿಯೊಡನೆ ಮಾತಾಡುತ್ತಿದ್ದ. ಆಕೆ ಮಗನನ್ನು ನೋಡಲೆಂದೇ ಬಂದವಳು. ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯಾ, ನಿದ್ದೆ ಆಗುತ್ತದಾ, ಇಂಥ ಮಾತು. ಮಾತು ನಡೆಯುತ್ತಿದ್ದಂತೆಯೇ ಹಡಗು ಸದ್ದಿಲ್ಲದೆ ಇಳಿಯುತ್ತಿತ್ತು. ಎದುರಿಗಿದ್ದ ಮುಖ ಮೊದಲು ಎದೆಮಟ್ಟಕ್ಕೆ, ಆಮೇಲೆ ಕಾಲಿನಿಂದಲೂ ಕೆಳಕ್ಕೆ ಹೋಯಿತು. ಕೊನೆಗೆ ಆಕೆ ಬಗ್ಗಿ ಮಾತಾಡುತ್ತಿದ್ದಳು, ಅವನು ಕತ್ತೆತ್ತಿ ಉತ್ತರ ಹೇಳುತ್ತಿದ್ದ. ಕೆಳಗಿನ ಬಾಗಿಲು ತೆರೆಯಿತು, ಹೊರಟುಹೋದ.

ಡೆಟ್ರಾಯಿಟ್ ನದಿಯಲ್ಲಿ ಹಡಗಿನವರಿಗೆ ಅಂಚೆ ತಲುಪಿಸುವ ಒಂದು ದೋಣಿ ಇದೆ. ಅದನ್ನು ನೋಡುವ ಯೋಗ ನನಗೆ ಬರಲಿಲ್ಲ, ಆದರೆ ಹೇಳದೆ ಮುಂದೆ ಹೋಗಲಾರೆ. 1874ರಲ್ಲಿ ವೆಸ್ಟ್‌ಕಾಟ್ ಎಂಬವರು ಹುಟ್ಟುದೋಣಿಯಲ್ಲಿ ಶುರುಮಾಡಿದ ಕೆಲಸ, 1895ರಿಂದ ಕಾಗದಪತ್ರ. ಹಡಗು ನಿಲ್ಲುವುದಿಲ್ಲ. ದೋಣಿ ಅದರ ಮಗ್ಗುಲಿಗೆ ಹೋಗಿ ಜೊತೆಜೊತೆಗೇ ಓಡುತ್ತದೆ, ಮೇಲಿನಿಂದ ಹಗ್ಗದಲ್ಲಿ ಬಕೆಟ್ಟು ಇಳಿಯುತ್ತದೆ, ಕಾಗದ ಅದರಲ್ಲಿ ಏರುತ್ತದೆ. ಆ ದೋಣಿಗೆ ಸ್ವಂತದ ಪಿನ್‌ಕೋಡ್ ಇದೆ: 48222.

ಇನ್ನು ಸರಕಿನ ಮಾತು. ಇಲ್ಲಿ ನನ್ನ ಊರೂ ಆ ಊರೂ ಒಂದಕ್ಕೊಂದು ತಾಗುತ್ತವೆ.

ಡುಲೂತ್‌ನ ಅದಿರಿನ ಧಕ್ಕೆಯ ಹತ್ತಿರ ರೈಲು ಹಳಿಯ ಬದಿಯಲ್ಲಿ ಮೊಮ್ಮಗ ಏನೋ ಹೆಕ್ಕಿ ತಂದು ನನ್ನ ಅಂಗೈಯಲ್ಲಿಟ್ಟ. ಗೋಲಿಗಾತ್ರದ, ಬೂದು ಕಪ್ಪಿನ, ತರಿತರಿಯಾದ ಉಂಡೆ. ಗಾತ್ರಕ್ಕೆ ಮೀರಿದ ಭಾರ. ಬೆರಳಿಗೆ ತುಕ್ಕಿನ ಬಣ್ಣ ಹತ್ತಿತು. “ಇದು ಟ್ಯಾಕೊನೈಟ್ ಅಜ್ಜಿ, ನಿಂಗೆ ಗೊತ್ತುಂಟಾ?” ಅಂತ ಕೇಳಿದ. ನನಗೆ ಗೊತ್ತಿತ್ತು. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟ ಅಂಥದೇ ಉಂಡೆಗಳಿದ್ದವು. ಪಣಂಬೂರಿನ ಪೆಲೆಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣ ತಂದುಕೊಟ್ಟದ್ದು. ಕುದುರೆಮುಖದ ಅದಿರು ಅದು. ಬೆಟ್ಟದಲ್ಲಿ ಪುಡಿಯಾಗಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿದು ಬಂದದ್ದು.

ಎರಡೂ ಕಡೆಯ ಕತೆ ಒಂದೇ ಥರ. ಮಿನೆಸೋಟದ ಮಸಾಬಿ ಸೀಮೆಯಲ್ಲಿ ಒಳ್ಳೆಯ ಅದಿರು ಮುಗಿಯುತ್ತ ಬಂದಾಗ ಉಳಿದದ್ದು ಟ್ಯಾಕೊನೈಟ್ ಎಂಬ ಗಟ್ಟಿ ಕಲ್ಲು. ಅದರಲ್ಲಿ ಕಬ್ಬಿಣ ಮೂರರಲ್ಲೊಂದು ಪಾಲೂ ಇಲ್ಲ. ಅದನ್ನು ಪುಡಿಮಾಡಿ, ಅಯಸ್ಕಾಂತದಿಂದ ಕಬ್ಬಿಣದ ಅಂಶ ಎಳೆದು, ಜೇಡಿಮಣ್ಣು ಸೇರಿಸಿ ಉಂಡೆ ಕಟ್ಟಿ, ಬೆಂಕಿಯಲ್ಲಿ ಸುಡುವ ಕ್ರಮವನ್ನು ಮಿನೆಸೋಟ ವಿಶ್ವವಿದ್ಯಾಲಯದ ಎಡ್ವರ್ಡ್ ಡೇವಿಸ್ ಹತ್ತಾರು ವರ್ಷ ಹಿಡಿದು ಕೂತು ಸಾಧಿಸಿದರು. ಸರೋವರದ ದಡದ ಸಿಲ್ವರ್ ಬೇ ಊರಿನಲ್ಲಿ 1950ರ ದಶಕದಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ಕಬ್ಬಿಣ ತೆಗೆದು ಉಳಿದ ಪುಡಿಯನ್ನು ವರ್ಷಗಟ್ಟಲೆ ಸರೋವರಕ್ಕೇ ಸುರಿದರು. ನಾನು ಬೊಗಸೆಯಲ್ಲಿ ಕುಡಿದೆನಲ್ಲ, ಅದೇ ನೀರಿಗೆ. ಜನ ಕೋರ್ಟಿಗೆ ಹೋಗಿ, ಬಹಳ ಕಾಲ ಹೋರಾಡಿ, 1980ರಲ್ಲಿ ಅದು ನಿಂತಿತು. ಕುದುರೆಮುಖದ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಮುಚ್ಚಿತು. ಭದ್ರೆ ಹುಟ್ಟುವ ಬೆಟ್ಟ ಉಳಿಯಬೇಕಾದದ್ದೇ ಅಂತ ನಾನು ಆಗಲೂ ಹೇಳಿದವಳು, ಈಗಲೂ ಹೇಳುತ್ತೇನೆ. ಅಣ್ಣನ ಮನೆಯಲ್ಲಿ ಆ ವರ್ಷ ಎಷ್ಟು ಕಷ್ಟವಾಯಿತು ಅನ್ನುವುದನ್ನೂ ಕಂಡಿದ್ದೇನೆ. ಅಂಗೈಯ ಮೇಲಿನ ಆ ಉಂಡೆಯಲ್ಲಿ ಎರಡೂ ಇತ್ತು.

ಉಂಡೆಗಳನ್ನು ಹಡಗಿಗೆ ಸುರಿಯುವ ಧಕ್ಕೆ ಸುಮಾರು 700 ಮೀಟರ್ ಉದ್ದ, ಎತ್ತರದ ಮೇಲೆ ರೈಲು. ಇಳಿಸುವ ಕ್ರಮ ಇನ್ನೂ ಚಂದ. ಲೇಕರ್ ಹಡಗುಗಳು ಹೆಚ್ಚಿನವು ತಮ್ಮ ಸರಕನ್ನು ತಾವೇ ಇಳಿಸಿಕೊಳ್ಳುತ್ತವೆ. ಹೊಟ್ಟೆಯ ತಳ ಆಲಿಕೆಯ ಆಕಾರ. ಅಡಿಯ ಬಾಗಿಲು ತೆರೆದರೆ ಉಂಡೆ ಕನ್ವೇಯರ್ ಬೆಲ್ಟಿಗೆ ಬೀಳುತ್ತದೆ, ಬೆಲ್ಟು ಮೇಲೇರಿ, ಡೆಕ್ಕಿನ ಮೇಲಿನ ಸುಮಾರು 250 ಅಡಿಯ ತೋಳಿನ ತುದಿಯಿಂದ ದಡಕ್ಕೆ ರಾಶಿ ಬೀಳುತ್ತದೆ. ದಡದಲ್ಲಿ ಕ್ರೇನೂ ಬೇಡ, ಆಳೂ ಬೇಡ.

ಸಿಹಿನೀರಿನಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುವುದಿಲ್ಲ. ಕಡಲಿನ ಹಡಗು ಇಪ್ಪತ್ತೈದು ಮೂವತ್ತು ವರ್ಷಕ್ಕೆ ಗುಜರಾತಿನ ಅಲಂಗ್‌ನಂಥ ದಡ ಸೇರಿ ಒಡೆದುಹೋಗುತ್ತದೆ. ಇಲ್ಲಿ 1942ರಲ್ಲಿ ನೀರಿಗಿಳಿದ ‘ಅಲ್ಪೀನಾ’ ಇವತ್ತಿಗೂ ಸಿಮೆಂಟು ಹೊರುತ್ತದೆ. ಅಜ್ಜ ನೋಡಿದ ಹಡಗನ್ನೇ ಮೊಮ್ಮಗ ನೋಡುತ್ತಾನೆ. ಹೆಸರು ಹಿಡಿದು ಕರೆಯುವ ಅಭ್ಯಾಸ ಬೆಳೆದದ್ದು ಇದರಿಂದಲೇ ಇರಬೇಕು ಅಂತ ನನಗನ್ನಿಸುತ್ತದೆ. ದೇವಸ್ಥಾನದ ಆನೆಯನ್ನು ನಾವು ಆನೆ ಬಂತು ಅನ್ನುವುದಿಲ್ಲ, ಹೆಸರು ಹೇಳುತ್ತೇವಲ್ಲ, ಹಾಗೆ. ‘ನೋ ಯುವರ್ ಶಿಪ್ಸ್’ ಅಂತ 1959ರಿಂದ ವರ್ಷವರ್ಷ ಬರುವ ಪುಸ್ತಕವೊಂದಿದೆ: ಪ್ರತಿ ಹಡಗಿನ ಹೆಸರು, ಹುಟ್ಟಿದ ವರ್ಷ, ಹಳೆಯ ಹೆಸರು, ಹೊಗೆಕೊಳವೆಯ ಬಣ್ಣ. ನಮ್ಮ ಪಂಚಾಂಗದ ಹಾಗೆ ಅದು ಅಲ್ಲಿ ಕಾರುಗಳ ಡ್ಯಾಶ್‌ಬೋರ್ಡಿನ ಮೇಲೆ ಕಾಣುತ್ತದೆ.

ಕಟ್ಟೆಯ ಮೇಲೆ ನಮಗೆ ಪರಿಚಯವಾದ ಹಿರಿಯರೊಬ್ಬರಿದ್ದರು. ಅದಿರಿನ ರೈಲು ಓಡಿಸಿ ನಿವೃತ್ತರಾದವರು. ಪುಟ್ಟ ನೋಟ್‌ಬುಕ್ಕಿನಲ್ಲಿ ದಿನಾಂಕ, ಗಂಟೆ, ಹಡಗಿನ ಹೆಸರು, ಬಂತೋ ಹೋಯಿತೋ, ಇಷ್ಟು ಮಾತ್ರ ಬರೆಯುತ್ತಿದ್ದರು. ಅಂಥ ನೋಟ್‌ಬುಕ್ಕು ಮನೆಯಲ್ಲಿ ಒಂದು ಪೆಟ್ಟಿಗೆ ತುಂಬ ಇವೆಯಂತೆ. ಈಗ ಫೋನಿನಲ್ಲೇ ಎಲ್ಲ ಹಡಗು ಎಲ್ಲಿದೆ ಅಂತ ಕಾಣುತ್ತದಲ್ಲ, ಬರೆಯುವುದು ಯಾಕೆ ಅಂತ ಕೇಳಿದೆ. ಅವರು ಉತ್ತರ ಹೇಳಲಿಲ್ಲ, ನಮ್ಮನ್ನು ಕಟ್ಟೆಯ ಒಂದು ಕಡೆಗೆ ಕರೆದುಕೊಂಡು ಹೋಗಿ 1905ರ ಕತೆ ಹೇಳಿದರು.

ಆ ವರ್ಷ ನವೆಂಬರ್ 28ರಂದು ಭಾರೀ ಬಿರುಗಾಳಿ. ‘ಮತಾಫಾ’ ಎಂಬ ಹಡಗು ಈ ಬಾಯೊಳಗೆ ನುಗ್ಗಲು ನೋಡಿ, ಕಟ್ಟೆಗೆ ಬಡಿದು, ದಡದಿಂದ ಸ್ವಲ್ಪವೇ ದೂರದಲ್ಲಿ ಮುರಿದು ಕೂತಿತು. ದೋಣಿ ಇಳಿಸಲು ಸಾಧ್ಯವಿಲ್ಲದ ತೆರೆ, ನೀರು ಹೆಪ್ಪುಗಟ್ಟುವ ಚಳಿ. ಊರಿನ ಸಾವಿರಾರು ಜನ ದಡಕ್ಕೆ ಬಂದು, ಸೌದೆ ಒಟ್ಟಿ ಬೆಂಕಿ ಹಾಕಿಕೊಂಡು ರಾತ್ರಿಯಿಡೀ ನಿಂತರು. ಏನೂ ಮಾಡಲಾಗದೆ ನಿಂತರು. ನಾವಿದ್ದೇವೆ, ನೋಡುತ್ತಿದ್ದೇವೆ ಅಂತ ಆ ಬೆಂಕಿಯಿಂದ ಹಡಗಿನವರಿಗೆ ಗೊತ್ತಾಗಲಿ ಅಂತ. 24 ಮಂದಿಯಲ್ಲಿ ಒಂಬತ್ತು ಜನ ಬೆಳಗಾಗುವಷ್ಟರಲ್ಲಿ ಹೋಗಿದ್ದರು. ಹದಿನೈದು ಜನ ಬದುಕಿದರು.

ಕತೆ ಮುಗಿಸಿ ಅವರು ನೋಟ್‌ಬುಕ್ಕನ್ನು ಜೇಬಿಗೆ ಹಾಕಿಕೊಂಡರು. ನಾನು ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಅಕ್ಟೋಬರಿನ ಒಂದು ಸಂಜೆ ಆರ್ಥರ್ ಎಂ. ಆಂಡರ್ಸನ್ ಬಂತು. 1952ರದು. ಚುಕ್ಕಾಣಿ ಮನೆ ಮುಂದೆ, ಎಂಜಿನ್ನು ಹಿಂದೆ ಇರುವ ಹಳೆಯ ಮಾದರಿ. ಆ ಹಡಗು ಬಂದಾಗ ಕಟ್ಟೆಯ ಮೇಲಿನ ಜನ ಮಾತು ಕಡಿಮೆ ಮಾಡಿದ್ದನ್ನು ಗಮನಿಸಿದೆ. ಕಾರಣ ಮಗಳು ಹೇಳಿದಳು. 1975ರ ನವೆಂಬರ್ 9ರಂದು ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಎಂಬ 729 ಅಡಿಯ ಹಡಗು, ಸುಮಾರು 26,000 ಟನ್ ಟ್ಯಾಕೊನೈಟ್ ಹೇರಿಕೊಂಡು, ಇದೇ ಮರಳ ದಿಣ್ಣೆಯ ಆಚೆ ತುದಿಯ ಅಳಿವೆಯಿಂದ ಹೊರಟಿತು. 1958ರಲ್ಲಿ ನೀರಿಗಿಳಿದಾಗ ಸರೋವರಗಳಲ್ಲೇ ಉದ್ದದ ಹಡಗು. ನೋಡುವವರಿಗೆಲ್ಲ ಅದು ಬಹಳ ಬೇಕಾದದ್ದು. ಪೀಟರ್ ಪುಲ್ಸರ್ ಅದರ ಕ್ಯಾಪ್ಟನ್ ಆಗಿದ್ದ ಕಾಲದಲ್ಲಿ ನದಿ ದಾಟುವಾಗ ಧ್ವನಿವರ್ಧಕದಲ್ಲಿ ಸಂಗೀತ ಹಾಕುತ್ತಿದ್ದರು, ಸೂ ಲಾಕ್‌ನಲ್ಲಿ ನಿಂತಾಗ ದಡದ ಜನಕ್ಕೆ ಹಡಗಿನ ವಿವರ ತಾವೇ ಹೇಳುತ್ತಿದ್ದರು. ಆ ಹಡಗು ಮರುದಿನ ಬಿರುಗಾಳಿಗೆ ಸಿಕ್ಕಿತು. ಅದರ ರೇಡಾರ್ ಕೆಟ್ಟಿತ್ತು. ಹಿಂದಿನಿಂದ ಬರುತ್ತಿದ್ದ ಆಂಡರ್ಸನ್ ತನ್ನ ರೇಡಾರಿನಲ್ಲಿ ಅದನ್ನು ನೋಡುತ್ತ ದಾರಿ ಹೇಳುತ್ತ ಬಂತು. ಸಂಜೆ ಏಳರ ನಂತರ ರೇಡಾರಿನ ಆ ಚುಕ್ಕೆ ಕಾಣದಾಯಿತು. 29 ಜನ.

ಆಂಡರ್ಸನ್ ಅಷ್ಟು ಹೊತ್ತಿಗೆ ಕಷ್ಟಪಟ್ಟು ವೈಟ್‌ಫಿಶ್ ಕೊಲ್ಲಿಯ ಮರೆಗೆ ಬಂದು ಸೇರಿತ್ತು. ಹಿಂದಕ್ಕೆ ಹೋಗಿ ಹುಡುಕಬಹುದೇ ಅಂತ ಕರಾವಳಿ ಕಾವಲಿನವರು ರೇಡಿಯೊದಲ್ಲಿ ಕೇಳಿದರು. ಕ್ಯಾಪ್ಟನ್ ಬರ್ನಿ ಕೂಪರ್ ಹಡಗನ್ನು ತಿರುಗಿಸಿದರು. ಅದೇ ಬಿರುಗಾಳಿಗೆ, ಅದೇ ಕತ್ತಲೆಗೆ. ಮರೆಯಲ್ಲಿ ಲಂಗರು ಹಾಕಿದ್ದ ವಿಲಿಯಂ ಕ್ಲೇ ಫೋರ್ಡ್ ಹಡಗೂ ಹೊರಟಿತು. ಸಿಕ್ಕಿದ್ದು ಒಡೆದ ಜೀವರಕ್ಷಕ ದೋಣಿಗಳು ಮಾತ್ರ.

ಆ ಆಂಡರ್ಸನ್ ನಮ್ಮೆದುರು ಹಾದುಹೋಯಿತು. ಕೂಗಿತು. ಮೂರು ಗುರು, ಎರಡು ಲಘು.

ನವೆಂಬರ್ 10ರಂದು ನಾವು ಸ್ಪ್ಲಿಟ್ ರಾಕ್ ದೀಪಸ್ತಂಭಕ್ಕೆ ಹೋದೆವು. 1905ರ ಆ ಬಿರುಗಾಳಿಯ ನಂತರ ಕಟ್ಟಿದ್ದು, 1910ರಲ್ಲಿ ದೀಪ ಹಚ್ಚಿದರು, 1969ರಲ್ಲಿ ನಿಲ್ಲಿಸಿದರು. ಈಗ ವರ್ಷಕ್ಕೊಮ್ಮೆ ಈ ದಿನ ಸಂಜೆ ಹಚ್ಚುತ್ತಾರೆ. 29 ಹೆಸರುಗಳನ್ನು ಒಂದೊಂದಾಗಿ ಓದಿದರು, ಒಂದೊಂದು ಹೆಸರಿಗೂ ಗಂಟೆ ಹೊಡೆದರು. ಮೂವತ್ತನೆಯದು, ನೀರಿನಲ್ಲಿ ಹೋದ ಉಳಿದ ಎಲ್ಲರಿಗೂ. ಆಮೇಲೆ ದೀಪ ತಿರುಗತೊಡಗಿತು. ನಮ್ಮ ಸುತ್ತ ನಿಂತವರಲ್ಲಿ ಹೆಚ್ಚಿನವರು ಆ 29 ಜನರಲ್ಲಿ ಯಾರನ್ನೂ ಕಂಡವರಲ್ಲ. ಚಳಿಗೆ ನನ್ನ ಕಣ್ಣಲ್ಲಿ ನೀರು ಬಂತು ಅಂತ ಮೊಮ್ಮಗನಿಗೆ ಹೇಳಿದೆ.

ಜನವರಿ 15ಕ್ಕೆ ಸೂ ಲಾಕ್ ಮುಚ್ಚುತ್ತದೆ, ತೆರೆಯುವುದು ಮಾರ್ಚ್ 25ಕ್ಕೆ. ಅಷ್ಟು ದಿನ ಹಡಗುಗಳು ಮಂಜುಗಡ್ಡೆಯ ನಡುವೆ ನಿದ್ದೆಮಾಡುತ್ತವೆ. ನಾನು ಅದಕ್ಕೆ ಮೊದಲೇ ಊರಿಗೆ ಬಂದೆ. ಹೊರಡುವಾಗ ಮೊಮ್ಮಗ ನನ್ನ ಫೋನಿನಲ್ಲಿ ಹಡಗು ತೋರಿಸುವ ಆ್ಯಪು ಹಾಕಿಕೊಟ್ಟಿದ್ದ. ಆಂಡರ್ಸನ್ ಎಲ್ಲಿದೆ ಅಂತ ದಿನಾ ನೋಡು ಅಜ್ಜಿ ಅಂದಿದ್ದ.

ಬಂದು ನಾಲ್ಕನೆಯ ದಿನ ರಾತ್ರಿ ಟೆರೇಸಿಗೆ ಹೋದೆ. ಕಡಲ ಮೇಲೆ ಐದು ದೀಪ. ಆ್ಯಪಿನಲ್ಲಿ ನಕ್ಷೆಯನ್ನು ಬೆರಳಿನಿಂದ ತಳ್ಳುತ್ತ, ಅಮೆರಿಕದಿಂದ ಅಟ್ಲಾಂಟಿಕ್ ದಾಟಿಸಿ, ಆಫ್ರಿಕ ದಾಟಿಸಿ, ನಮ್ಮ ಪಣಂಬೂರಿಗೆ ತಂದೆ. ದಡದಿಂದ ಸ್ವಲ್ಪ ಹೊರಗೆ ಐದು ಚುಕ್ಕೆಗಳಿದ್ದವು. ಒಂದನ್ನು ಒತ್ತಿದೆ. ಹೆಸರು ಬಂತು, ಕಟ್ಟಿದ ವರ್ಷ ಬಂತು, ಎಲ್ಲಿಂದ ಹೊರಟದ್ದು ಅಂತ ಬಂತು. ಕತ್ತೆತ್ತಿ ದೀಪವನ್ನು ನೋಡಿದೆ. ಬಲಗಡೆಯಿಂದ ಎರಡನೆಯದು. ನಮ್ಮವರನ್ನು ಕರೆದು ತೋರಿಸಿ, ಹೆಸರನ್ನು ಗಟ್ಟಿಯಾಗಿ ಹೇಳಿದೆ. ಅವರೂ ಒಂದು ಸಲ ಹೇಳಿದರು.

ಕೆಳಗೆ ಹೋಗಿ ಮೊಮ್ಮಕ್ಕಳಿಗೆಂದು ತಂದಿಟ್ಟ ನೋಟ್‌ಬುಕ್ಕುಗಳಲ್ಲಿ ಒಂದನ್ನು ತೆಗೆದುಕೊಂಡು ಬಂದೆ. ದಿನಾಂಕ ಹಾಕಿದೆ, ಗಂಟೆ ಹಾಕಿದೆ, ಐದು ಹೆಸರನ್ನೂ ಬರೆದೆ. ಮೂರನೆಯ ದಿನ ಬೆಳಿಗ್ಗೆ ಆ ಎರಡನೆಯ ದೀಪದ ಹಡಗು ಬಂದರಿನೊಳಗೆ ಬಂದಿತ್ತು. ಹೆಸರಿನ ಮುಂದೆ ‘ಬಂತು’ ಅಂತ ಬರೆದೆ.